ಅಮ್ಮನಿಗೆ ಮಲಗಲು ಒಂದು ಸೀಟು: ಕ್ರಿಸ್‌ಫ್ಲೈಯರ್ ಮೈಲುಗಳಿಂದ ಬಿಸಿನೆಸ್ ಕ್ಲಾಸ್

ತಂಗಿಯ ಬಾಣಂತನಕ್ಕೆಂದು ಚಿಕ್ಕಬಳ್ಳಾಪುರದಿಂದ ಆಸ್ಟ್ರೇಲಿಯಾದ ಅಡಿಲೇಡ್‌ಗೆ ಅಪ್ಪನೊಂದಿಗೆ ಹೊರಟ ಅಮ್ಮನಿಗೆ, ನನ್ನ ಖಾತೆಯಲ್ಲಿ ಕೂಡಿದ್ದ ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲುಗಳನ್ನು, ಅಂದರೆ ಆ ಸಂಸ್ಥೆ ತನ್ನ ಸದಸ್ಯರಿಗೆ ಕೊಡುವ ಪಾಯಿಂಟುಗಳನ್ನು ಬಳಸಿ, ಪ್ರಯಾಣದ ಒಂದು ಹಂತವನ್ನು ಎಕಾನಮಿಯಿಂದ ಬಿಸಿನೆಸ್ ಕ್ಲಾಸಿಗೆ ಏರಿಸಿಕೊಂಡೆವು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಈಗ ಹೊರದೇಶಗಳಲ್ಲಿದ್ದಾರೆ. ಅವರನ್ನು ನೋಡಲು ಮೊದಲ ಸಲ ವಿಮಾನ ಹತ್ತುವವರು ಬಹುಪಾಲು ಮೊಣಕಾಲು ನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಹೊತ್ತುಕೊಂಡೇ ಹೊರಡುವ ಹಿರಿಯರು. ಹಾಗಾಗಿ ಈ ಸೇವೆಯನ್ನು ಅಂಥವರ ಕಣ್ಣಿನಿಂದ ಅಳೆಯುವುದು ಸರಿ ಎಂದು ನನಗೆ ತೋರುತ್ತದೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಸೇವೆ ಬಹಳ ಒಳ್ಳೆಯದು, ಆದರೆ ಅದು ಸಿಗುವುದೋ ಇಲ್ಲವೋ ಎಂಬುದು ವಿಮಾನ ನಿಲ್ದಾಣದ ಕೌಂಟರಿನಲ್ಲಿ ತೀರ್ಮಾನವಾಗುವುದಿಲ್ಲ, ತಿಂಗಳುಗಳ ಹಿಂದೆ ಎಕಾನಮಿ ಟಿಕೆಟ್ ಕೊಂಡ ದಿನವೇ ತೀರ್ಮಾನವಾಗಿರುತ್ತದೆ.

ಕಚೇರಿ ಕೆಲಸದ ಮೇಲೆ ಮಾಡಿದ ಪ್ರಯಾಣಗಳಿಂದ ಮತ್ತು ಕ್ರೆಡಿಟ್ ಕಾರ್ಡಿನ ಪಾಯಿಂಟುಗಳನ್ನು ವರ್ಗಾಯಿಸಿಕೊಂಡಿದ್ದರಿಂದ ನನ್ನ ಖಾತೆಯಲ್ಲಿ ಮೈಲುಗಳು ಸೇರಿದ್ದವು. ಕಾರ್ಡಿನಿಂದ ವಿಮಾನ ಸಂಸ್ಥೆಗೆ ಒಮ್ಮೆ ಹೋದ ಪಾಯಿಂಟು ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಬೇಕಾದ ವಿಮಾನದಲ್ಲಿ ಅಪ್‌ಗ್ರೇಡ್ ಸೀಟು ಇದೆಯೆಂದು ನೋಡಿಕೊಂಡ ನಂತರವೇ ವರ್ಗಾವಣೆ ಮಾಡುವುದು ಕ್ಷೇಮ. ಮೈಲುಗಳು ನನ್ನವಾದರೂ ಪ್ರಯಾಣ ಅಮ್ಮನದು. ಕ್ರಿಸ್‌ಫ್ಲೈಯರ್‌ನಲ್ಲಿ ಸದಸ್ಯರು ತಮ್ಮ ಮೈಲುಗಳನ್ನು ಬಳಸಲು 5 ಜನರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಅಪ್ಪ ಅಮ್ಮ ಇಬ್ಬರ ಹೆಸರನ್ನೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಒಂದಕ್ಷರವೂ ವ್ಯತ್ಯಾಸವಾಗದಂತೆ ಸೇರಿಸಿದೆ. ನಮ್ಮ ಕಡೆಯ ಹಿರಿಯರ ಪಾಸ್‌ಪೋರ್ಟುಗಳಲ್ಲಿ ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್ ಎಲ್ಲವೂ ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಇರುತ್ತವೆ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು.

ಇನ್ನು ಟಿಕೆಟ್ಟಿನ ವಿಷಯ. ಎಕಾನಮಿ ಎಂದರೆ ಒಂದೇ ದರ್ಜೆ ಎಂದು ನಾವು ತಿಳಿಯುತ್ತೇವೆ, ಆದರೆ ಅದರೊಳಗೇ ಹಲವು ದರಗಳಿವೆ, ಮತ್ತು ಪ್ರತಿ ದರಕ್ಕೂ ಅದರದೇ ಷರತ್ತುಗಳಿವೆ. ಸಿಂಗಪುರ ಏರ್‌ಲೈನ್ಸ್‌ನಲ್ಲಿ ಅತಿ ಅಗ್ಗದ್ದು ಎಕಾನಮಿ ಲೈಟ್. ಅದನ್ನು ಕೊಂಡವರಿಗೆ ಮೈಲು ಕೊಟ್ಟು ಮೇಲಿನ ದರ್ಜೆಗೆ ಹೋಗುವ ಅವಕಾಶವೇ ಇಲ್ಲ. ಅದರ ಮೇಲಿನ ವ್ಯಾಲ್ಯೂ, ಸ್ಟ್ಯಾಂಡರ್ಡ್, ಫ್ಲೆಕ್ಸಿ ದರಗಳಿಗೆ ಇದೆ. ಇದು ಒಂದೇ ಸಂಸ್ಥೆಯ ಪದ್ಧತಿಯಲ್ಲ. ಎಮಿರೇಟ್ಸ್‌ನಲ್ಲಿ ಸ್ಪೆಷಲ್ ಎಂಬ ಅಗ್ಗದ ದರಕ್ಕೆ ಇದೇ ನಿರ್ಬಂಧವಿದೆ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಟಿಕೆಟ್ಟಿನ ಮೇಲಿನ ದರ್ಜೆಯ ಅಕ್ಷರ ಕ್ಯೂ, ಓ ಅಥವಾ ಜಿ ಆಗಿದ್ದರೆ ಅವಿಯೋಸ್ ಪಾಯಿಂಟುಗಳು ಎಷ್ಟಿದ್ದರೂ ಅಪ್‌ಗ್ರೇಡ್ ಆಗದು. ಜೊತೆಗೆ ಅಲ್ಲಿ ಒಮ್ಮೆಗೆ ಒಂದೇ ಮೆಟ್ಟಿಲು ಏರಬಹುದಾದ್ದರಿಂದ, ನಡುವಿನ ದರ್ಜೆಯಾದ ಪ್ರೀಮಿಯಂ ಎಕಾನಮಿ ಇರುವ ವಿಮಾನದಲ್ಲಿ ಎಕಾನಮಿಯಿಂದ ನೇರವಾಗಿ ಬಿಸಿನೆಸ್ ಕ್ಲಾಸಿಗೆ ಹೋಗಲಾಗುವುದಿಲ್ಲ. ಸಿಂಗಪುರದಿಂದ ಅಡಿಲೇಡ್‌ಗೆ ಅಮ್ಮ ಹತ್ತಿದ ವಿಮಾನದಲ್ಲಿ ಎಕಾನಮಿ ಮತ್ತು ಬಿಸಿನೆಸ್ ಎರಡೇ ದರ್ಜೆಗಳಿದ್ದದ್ದು ನಮಗೆ ಅನುಕೂಲವಾಯಿತು. ಟಿಕೆಟ್ ಕೊಳ್ಳುವಾಗಲೇ ಯಾವ ವಿಮಾನ, ಅದರಲ್ಲಿ ಎಷ್ಟು ದರ್ಜೆ ಎಂದು ನೋಡಿಕೊಳ್ಳಬೇಕು.

ನಮ್ಮ ಊರಿನಲ್ಲಿ ಈಗಲೂ ಹೆಚ್ಚಿನವರು ಟಿಕೆಟ್ ಮಾಡಿಸುವುದು ಟ್ರಾವೆಲ್ ಏಜೆಂಟರ ಅಂಗಡಿಯಲ್ಲಿ. ಅದರಲ್ಲಿ ತಪ್ಪೇನೂ ಇಲ್ಲ. ವೀಸಾ ಕಾಗದಪತ್ರಗಳನ್ನು ಅವರು ನೋಡಿಕೊಳ್ಳುವ ಶ್ರದ್ಧೆ ದೊಡ್ಡದು. ಆದರೆ ಏಜೆಂಟರು ಗಿರಾಕಿಯ ಹಿತಕ್ಕೆಂದು ಹುಡುಕುವುದು ಅತಿ ಕಡಿಮೆ ದರವನ್ನು, ಮತ್ತು ಆ ದರಕ್ಕೆ ಅಥವಾ ಗುಂಪು ಟಿಕೆಟ್ಟಿಗೆ ಅಪ್‌ಗ್ರೇಡ್ ಸೌಲಭ್ಯ ಇಲ್ಲದಿರುವುದೇ ಹೆಚ್ಚು. ಆದ್ದರಿಂದ ಅವರ ಮುಂದೆ ಕುಳಿತಾಗ ದರ ಎಷ್ಟು ಎಂದು ಕೇಳುವುದರ ಜೊತೆಗೆ, ಇದು ಯಾವ ದರ, ಮೈಲು ಬಳಸಿ ಅಪ್‌ಗ್ರೇಡ್ ಆಗುತ್ತದೆಯೇ ಎಂದು ಸ್ಪಷ್ಟವಾಗಿ ಕೇಳಿ ಬರೆಸಿಕೊಳ್ಳಬೇಕು. ಇನ್ನೊಂದು ಗುರುತು ಇದೆ. ಇ-ಟಿಕೆಟ್ಟಿನ ಸಂಖ್ಯೆಯಲ್ಲಿ 13 ಅಂಕಿಗಳಿರುತ್ತವೆ. ಮೊದಲ ಮೂರು ಅಂಕಿಗಳು ಟಿಕೆಟ್ ಕೊಟ್ಟ ಸಂಸ್ಥೆಯನ್ನು ತೋರಿಸುತ್ತವೆ. ಸಿಂಗಪುರ ಏರ್‌ಲೈನ್ಸ್‌ಗೆ 618, ಏರ್ ಇಂಡಿಯಾಗೆ 098, ಎಮಿರೇಟ್ಸ್‌ಗೆ 176. ಹಾರುವುದು ಒಂದು ಸಂಸ್ಥೆಯ ವಿಮಾನವಾಗಿ, ಟಿಕೆಟ್ ಇನ್ನೊಂದರದ್ದಾಗಿದ್ದರೆ ಅಪ್‌ಗ್ರೇಡ್‌ನ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ.

ಸೀಟು ಸಿಗುವುದು ಮತ್ತೊಂದು ಪ್ರಶ್ನೆ. ಬಿಸಿನೆಸ್ ಕ್ಲಾಸಿನಲ್ಲಿ ಖಾಲಿ ಕಾಣುವ ಸೀಟುಗಳೆಲ್ಲ ಮೈಲಿಗೆ ಸಿಗುವುದಿಲ್ಲ. ಸಂಸ್ಥೆಯು ಅದಕ್ಕೆಂದೇ ಕೆಲವನ್ನು ಮಾತ್ರ ಬಿಡುತ್ತದೆ, ಹಣ ಕೊಟ್ಟು ಕೊಳ್ಳುವವರು ಹೆಚ್ಚಿರುವ ದಿನಗಳಲ್ಲಿ ಅದನ್ನೂ ಬಿಡದಿರಬಹುದು. ಡಿಸೆಂಬರ್ ರಜೆ, ಬೇಸಿಗೆ ರಜೆಗಳಲ್ಲಿ ಆಸೆ ಇಟ್ಟುಕೊಳ್ಳದಿರುವುದು ಮೇಲು. ನಾವು ಸೀಟು ಇರುವ ದಿನವನ್ನು ಮೊದಲು ಹುಡುಕಿ, ಆ ದಿನಕ್ಕೆ ವ್ಯಾಲ್ಯೂ ದರದ ಟಿಕೆಟ್ ಕೊಂಡು, ಕೂಡಲೇ ಮೈಲುಗಳನ್ನು ಕಟ್ಟಿದೆವು. ದೃಢೀಕರಣ ಅಂದೇ ಬಂತು. ಹೆಸರಿಸಲು ಇಷ್ಟಪಡದ ಬೇರೊಂದು ವಿಮಾನ ಸಂಸ್ಥೆಯಲ್ಲಿ ಹಿಂದೆ ವೇಟ್‌ಲಿಸ್ಟಿಗೆ ಸೇರಿಸಿ ಪಾಯಿಂಟುಗಳನ್ನು ಹಿಡಿದಿಟ್ಟುಕೊಂಡು, ಸೀಟೂ ಕೊಡದೆ, ಪಾಯಿಂಟುಗಳನ್ನು ಹಿಂತಿರುಗಿಸಲು ಪದೇಪದೇ ಫೋನ್ ಮಾಡಿಸಿದ್ದರು. ವೇಟ್‌ಲಿಸ್ಟನ್ನು ನಂಬಿ ಹಿರಿಯರಿಗೆ ಮಾತು ಕೊಡಬಾರದು ಎಂಬುದು ಅಂದಿನಿಂದ ನನ್ನ ನಿಲುವು. ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ ಕೌಂಟರಿನಲ್ಲಿ ನಯವಾಗಿ ಕೇಳಿದರೆ ಬಿಸಿನೆಸ್ ಕ್ಲಾಸ್ ಕೊಡುತ್ತಾರೆ ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಎಕಾನಮಿ ತುಂಬಿ ತುಳುಕಿದಾಗ ಸಂಸ್ಥೆ ಕೆಲವರನ್ನು ಮುಂದಕ್ಕೆ ಕಳಿಸುವುದು ನಿಜವಾದರೂ, ಅಲ್ಲಿ ತಮ್ಮ ಖಾಯಂ ಸದಸ್ಯರಿಗೇ ಆದ್ಯತೆ ಕೊಡುತ್ತದೆ.

ಇಬ್ಬರಿಗೂ ಎರಡೂ ಹಂತಗಳಿಗೆ ಸಾಕಾಗುವಷ್ಟು ಮೈಲುಗಳು ಇರಲಿಲ್ಲ. ಯಾವ ಹಂತಕ್ಕೆ, ಯಾರಿಗೆ ಎಂಬ ಯೋಚನೆಗೇ ನಾವು ಹೆಚ್ಚು ಸಮಯ ಕೊಟ್ಟೆವು, ಮತ್ತು ಓದುಗರೂ ಕೊಡಬೇಕೆಂದು ನನ್ನ ಒತ್ತಾಯ. ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು ನಾಲ್ಕೂವರೆ ಗಂಟೆ, ಅದೂ ನಾವು ಆರಿಸಿದ್ದು ಹಗಲಿನ ವಿಮಾನ. ಊಟ, ಕಾಫಿ, ನಡುವೆ ಒಂದೆರಡು ಸಲ ಎದ್ದು ಓಡಾಡುವುದರಲ್ಲಿ ಆ ಹೊತ್ತು ಕಳೆಯುತ್ತದೆ. ಸಿಂಗಪುರದಿಂದ ಅಡಿಲೇಡ್‌ಗೆ ಸುಮಾರು 7 ಗಂಟೆ, ಪೂರ್ತಿ ರಾತ್ರಿ. ಇಳಿದ ಬೆಳಿಗ್ಗೆಯೇ ಎಳೆಗೂಸಿನ ಮನೆಯ ಕೆಲಸಕ್ಕೆ ಅಮ್ಮ ನಿಲ್ಲುತ್ತಾರೆ ಎಂಬುದು ನಮಗೆಲ್ಲ ಗೊತ್ತಿತ್ತು. ಹಾಗಾಗಿ ಎರಡನೆಯ ಹಂತವನ್ನು ಮಾತ್ರ, ಅಮ್ಮನಿಗೆ ಮಾತ್ರ ಏರಿಸಿದೆವು. "ತಿರುಪತಿಗೆ ಬಸ್ಸಲ್ಲಿ ಕೂತ್ಕೊಂಡೇ ಹೋಗಿ ಬಂದಿದ್ದೀವಪ್ಪ, ನಂಗ್ಯಾಕೆ ಇದೆಲ್ಲ?" ಎಂದು ಅಮ್ಮ ಒಪ್ಪದಿದ್ದಾಗ ಅವರನ್ನು ಒಪ್ಪಿಸಿದವರು ಅಪ್ಪ.

ಮೊದಲ ಹಂತವನ್ನು ಬಿಟ್ಟುಕೊಡಲು ನಮ್ಮ ಊರಿಗೇ ವಿಶೇಷವಾದ ಇನ್ನೊಂದು ಕಾರಣವೂ ಇತ್ತು. ಬೆಂಗಳೂರಿನ ದಕ್ಷಿಣ ಭಾಗದಿಂದ ಹೊರಡುವವರು ಹೆಬ್ಬಾಳದ ದಟ್ಟಣೆಗೆ ಹೆದರಿ ಗಂಟೆಗಟ್ಟಲೆ ಮುಂಚೆ ದೇವನಹಳ್ಳಿ ತಲುಪುತ್ತಾರೆ. ಅವರಿಗೆ ಬಿಸಿನೆಸ್ ಕ್ಲಾಸಿನವರ ವಿಶ್ರಾಂತಿ ಕೋಣೆಯಾದ ಲೌಂಜಿನ ಸೋಫಾ, ಊಟಗಳು ನಿಜವಾಗಿ ಬೇಕಾಗುತ್ತವೆ. ಚಿಕ್ಕಬಳ್ಳಾಪುರದಿಂದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಇಳಿದರೆ ವಿಮಾನ ನಿಲ್ದಾಣ 30–35 ಕಿಲೋಮೀಟರಿನೊಳಗೆ, ನಗರದ ಸಂಚಾರಕ್ಕೆ ಸಿಕ್ಕಿಕೊಳ್ಳುವ ಮೊದಲೇ ಬಂದುಬಿಡುತ್ತದೆ. ಮನೆಯಲ್ಲೇ ಉಂಡು, ಹೇಳಿದ ಸಮಯಕ್ಕೆ ಸರಿಯಾಗಿ ಹೋಗಬಹುದು. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತಿದ್ದು, ಬಿದಿರಿನ ಚಾವಣಿ, ತೂಗುವ ಹಸಿರಿನ ಆ ಕಟ್ಟಡದಲ್ಲಿ ಕಾಯುವುದು ಎಕಾನಮಿಯವರಿಗೂ ಹಿತವಾಗಿಯೇ ಇದೆ. ಆದ್ದರಿಂದ ಲೌಂಜಿಗಾಗಿ ಮೈಲು ಖರ್ಚು ಮಾಡುವುದು ನಮ್ಮ ಭಾಗದವರಿಗೆ ಅನವಶ್ಯಕ ಎಂದೇ ಹೇಳುತ್ತೇನೆ. ಸಿಂಗಪುರದಲ್ಲಿ ಅಮ್ಮನಿಗೆ ಲೌಂಜ್ ಪ್ರವೇಶ ಇತ್ತು, ಆದರೆ ಅಪ್ಪನನ್ನು ಹೊರಗೆ ಬಿಟ್ಟು ಅವರು ಹೋಗಲಿಲ್ಲ.

ವಿಮಾನದೊಳಗಿನ ಅನುಭವವನ್ನು ಅಮ್ಮ ಹೇಳಿದಂತೆ ಬರೆಯುತ್ತೇನೆ. ಬಿಸಿನೆಸ್ ಕ್ಲಾಸಿನಲ್ಲಿ ಸೀಟುಗಳು ಒಂದು, ಎರಡು, ಒಂದು ಎಂಬ ಜೋಡಣೆಯಲ್ಲಿದ್ದು, ಪ್ರತಿಯೊಬ್ಬರಿಗೂ ಓಡಾಡುವ ದಾರಿ ನೇರವಾಗಿ ಸಿಗುತ್ತದೆ. ರಾತ್ರಿಯಲ್ಲಿ ಮೂರು ನಾಲ್ಕು ಸಲ ಶೌಚಕ್ಕೆ ಏಳಬೇಕಾದ ಹಿರಿಯರಿಗೆ, ಪಕ್ಕದವರನ್ನು ಎಬ್ಬಿಸುವ ಸಂಕೋಚವಿಲ್ಲದೆ ಏಳಬಹುದು ಎಂಬುದೇ ದೊಡ್ಡ ಸೌಲಭ್ಯ. ಆ ಸಂಕೋಚದಿಂದಲೇ ನೀರು ಕುಡಿಯುವುದನ್ನು ಬಿಟ್ಟು ಕಾಲು ಊದಿಸಿಕೊಳ್ಳುವವರನ್ನು ನಾನು ಕಂಡಿದ್ದೇನೆ. ಗುಂಡಿ ಒತ್ತಿದರೆ ಸೀಟು ಪೂರ್ತಿ ಸಮತಟ್ಟಾಗಿ ಹಾಸಿಗೆಯಾಗುತ್ತದೆ. ಸಿಬ್ಬಂದಿಯೇ ಬಂದು ತೋರಿಸಿಕೊಟ್ಟು, ದಿಂಬು ಹೊದಿಕೆ ಸರಿಪಡಿಸಿ ಹೋದರಂತೆ. ಇದೇ ಸಂಸ್ಥೆಯ ದೂರದ ಮಾರ್ಗಗಳ ಹಲವು ಎ350 ಮತ್ತು 777 ವಿಮಾನಗಳಲ್ಲಿ ಮಾತ್ರ ಬೆನ್ನಿನ ಭಾಗವನ್ನು ಮುಂದಕ್ಕೆ ಮಗುಚಿ ಹಾಸಿಗೆ ಮಾಡಬೇಕು, ಕಾಲುಗಳನ್ನು ಓರೆಯಾಗಿ ಚಾಚಿ ಮಲಗಬೇಕು. ವಯಸ್ಸಾದವರು ಅದನ್ನು ತಾವೇ ಮಾಡಲು ಹೋಗದೆ ಸಿಬ್ಬಂದಿಯನ್ನು ಕರೆಯುವುದು ಒಳ್ಳೆಯದು. ಕಾಲು ಚಾಚಿ ನಿದ್ರೆ ಮಾಡಿದ ಅಮ್ಮ ಬೆಳಿಗ್ಗೆ ಊತವಿಲ್ಲದ ಪಾದಗಳಿಂದ ಇಳಿದರು ಎಂದು ತಂಗಿ ಫೋನಿನಲ್ಲಿ ಹೇಳಿದಾಗ, ಆ ಮೈಲುಗಳು ಸಾರ್ಥಕವಾದವು ಎನಿಸಿತು.

ಊಟದ ವಿಷಯದಲ್ಲಿ ಎಚ್ಚರ ಬೇಕು. ಎಕಾನಮಿಯಲ್ಲಿ ಕೋರಿದ್ದ ಭಾರತೀಯ ಸಸ್ಯಾಹಾರ ದರ್ಜೆ ಬದಲಾದ ಮೇಲೆ ತಾನಾಗಿಯೇ ಮುಂದುವರಿದಿದೆಯೆಂದು ಭಾವಿಸದೆ, ಸಂಸ್ಥೆಯ ಆ್ಯಪಿನಲ್ಲಿ ಮತ್ತೊಮ್ಮೆ ನೋಡಿ ದೃಢಪಡಿಸಿಕೊಳ್ಳಬೇಕು. ಸೀಟಿನ ಆಯ್ಕೆಗೂ ಇದೇ ಮಾತು. ಪೆಟ್ಟಿಗೆಯ ತೂಕವನ್ನೂ ಹೊಸದಾಗಿ ಬರುವ ಟಿಕೆಟ್ಟಿನಲ್ಲೇ ನೋಡಬೇಕು. ಒಂದು ಹಂತ ಎಕಾನಮಿ, ಇನ್ನೊಂದು ಬಿಸಿನೆಸ್ ಆಗಿರುವಾಗ ಊಹೆಯ ಮೇಲೆ ಅಂಟಿನುಂಡೆಯ ಡಬ್ಬಗಳನ್ನು ತುಂಬುವುದು ಬೇಡ. ಆಸ್ಟ್ರೇಲಿಯಾದಲ್ಲಿ ತಿನ್ನುವ ಪದಾರ್ಥ ಏನೇ ಇದ್ದರೂ ಇಳಿಯುವಾಗ ಚೀಟಿಯಲ್ಲಿ ಘೋಷಿಸಲೇಬೇಕು. ಬಿಸಿನೆಸ್ ಕ್ಲಾಸಿನವರಿಗೂ ಅದರಲ್ಲಿ ವಿನಾಯಿತಿ ಇಲ್ಲ.

ಒಂದೇ ಬುಕಿಂಗ್‌ನಲ್ಲಿರುವ ಇಬ್ಬರಲ್ಲಿ ಒಬ್ಬರನ್ನು ಏರಿಸಿದಾಗ ಬುಕಿಂಗ್ ಎರಡಾಗಿ ಒಡೆಯುತ್ತದೆ. ಎರಡನ್ನೂ ಒಂದಕ್ಕೊಂದು ಜೋಡಿಸಿ ಟಿಪ್ಪಣಿ ಹಾಕುವಂತೆ ಗ್ರಾಹಕ ಸೇವೆಯವರನ್ನು ಕೇಳಿದೆ, ಅವರು ಹಾಕಿದರು. ವಿಮಾನ ತಡವಾಗಿ ಮುಂದಿನದಕ್ಕೆ ಬದಲಿಸುವ ಸಂದರ್ಭ ಬಂದರೆ ಗಂಡ ಹೆಂಡತಿ ಬೇರೆ ಬೇರೆಯಾಗದಿರಲು ಇದು ಅಗತ್ಯ. ವಿಮಾನದೊಳಗೆ ಎಕಾನಮಿಯವರು ಮುಂದಿನ ದರ್ಜೆಗೆ ಬಂದು ಹೋಗುವಂತಿಲ್ಲ. ನಮ್ಮ ಮನೆಗಳಲ್ಲಿ ಅಪ್ಪನ ಮಾತ್ರೆಗಳು ಅಮ್ಮನ ಚೀಲದಲ್ಲಿರುವುದೇ ವಾಡಿಕೆಯಾದ್ದರಿಂದ, ಅವರವರ ಮಾತ್ರೆ, ಪಾಸ್‌ಪೋರ್ಟು, ತಂಗಿಯ ಮನೆ ವಿಳಾಸದ ಚೀಟಿ ಅವರವರ ಕೈಚೀಲದಲ್ಲೇ ಇರುವಂತೆ ಮೊದಲೇ ಹಂಚಿಕೊಟ್ಟೆವು. ವೀಲ್‌ಚೇರ್ ನೆರವು ಎಕಾನಮಿ ಪ್ರಯಾಣಿಕರಿಗೂ ಸಿಗುತ್ತದೆ, ಮುಂಚಿತವಾಗಿ ಕೋರಿದ್ದರೆ ಸಾಕು; ಅದಕ್ಕಾಗಿ ಯಾರೂ ಮೈಲುಗಳನ್ನು ಕಳೆಯಬೇಕಾಗಿಲ್ಲ.

ಹಣದ ಲೆಕ್ಕಕ್ಕೆ ಬಂದರೆ, ಬಿಸಿನೆಸ್ ಟಿಕೆಟ್ಟನ್ನು ನೇರವಾಗಿ ಕೊಳ್ಳುವುದು ನಮ್ಮಂಥವರ ಅಳವಿಗೆ ಮೀರಿದ್ದು, ಮತ್ತು 2025ರ ಸೆಪ್ಟೆಂಬರ್ 22ರಿಂದ ಎಕಾನಮಿಗೆ ಶೇ 5ರಷ್ಟೇ ಉಳಿದಿರುವ ಜಿಎಸ್‌ಟಿ ಮೇಲಿನ ದರ್ಜೆಗಳಿಗೆ ಶೇ 12ರಿಂದ ಶೇ 18ಕ್ಕೆ ಏರಿದೆ. ಮೈಲು ಕೊಟ್ಟು ಏರಿದಾಗಲೂ ತೆರಿಗೆಯ ವ್ಯತ್ಯಾಸವೇನಾದರೂ ಬಂದರೆ ಅದನ್ನು ಹಣದಲ್ಲೇ ಕಟ್ಟಬೇಕು. ಬ್ರಿಟನ್ನಿನಿಂದ ಹೊರಡುವ ವಿಮಾನಗಳಲ್ಲಿ ಮೇಲಿನ ದರ್ಜೆಯ ಪ್ರಯಾಣಿಕರಿಗೆ ಅಲ್ಲಿನ ಸರ್ಕಾರದ ಸುಂಕ ಹೆಚ್ಚಾಗಿರುವುದರಿಂದ ಮರುಪ್ರಯಾಣಕ್ಕೆ ಬಳಸುವ ಮೊದಲು ಲೆಕ್ಕ ಹಾಕಬೇಕು. ಮೈಲುಗಳನ್ನು ಕೂಡಿಡುತ್ತಲೇ ಹೋಗುವುದನ್ನೂ ನಾನು ಒಪ್ಪುವುದಿಲ್ಲ. ಕ್ರಿಸ್‌ಫ್ಲೈಯರ್ ಮೈಲುಗಳಿಗೆ 3 ವರ್ಷಗಳ ಆಯುಸ್ಸು. ಸಂಸ್ಥೆಗಳಿಗೂ ಆಯುಸ್ಸಿದೆ: ಬೆಂಗಳೂರಿನದೇ ಆದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಕಿಂಗ್‌ಫಿಷರ್ ಪಾಯಿಂಟುಗಳನ್ನು ಮುಂದೆಂದೋ ಬಳಸೋಣವೆಂದು ಇಟ್ಟುಕೊಂಡವರಿಗೆ ಆಮೇಲೆ ಹತ್ತಲು ವಿಮಾನವೇ ಇರಲಿಲ್ಲ.

ಅಪ್ಪ ಅಮ್ಮ ಹಿಂದಿರುಗುವ ಪ್ರಯಾಣ ಹಗಲಿನದಾದ್ದರಿಂದ ಅದನ್ನು ಎಕಾನಮಿಯಲ್ಲೇ ಬಿಟ್ಟು, ದಾರಿಯ ಬದಿಯ ಸೀಟುಗಳಿಗೆ ಮಾತ್ರ ಹೆಚ್ಚಿನ ಹಣ ಕಟ್ಟಿದ್ದೇನೆ. ಉಳಿದ ಮೈಲುಗಳಿಗೆ ಇನ್ನಷ್ಟು ಸೇರಿದ ಮೇಲೆ, ಅವುಗಳ ಅವಧಿ ಮುಗಿಯುವುದರೊಳಗೆ, ಮಗುವಿನ ಹುಟ್ಟುಹಬ್ಬಕ್ಕೆ ಹೋಗುವಾಗಿನ ರಾತ್ರಿಯ ಹಂತವನ್ನು ಅಪ್ಪನ ಹೆಸರಿನಲ್ಲಿ ಏರಿಸುವುದೆಂದು ಮನೆಯಲ್ಲಿ ಈಗಾಗಲೇ ಮಾತಾಗಿದೆ. ಆ ಟಿಕೆಟ್ಟನ್ನು ಲೈಟ್ ದರದಲ್ಲಿ ಕೊಳ್ಳಬಾರದೆಂದು ತಂಗಿಗೂ ತಿಳಿಸಿದ್ದೇನೆ.