ಇಪ್ಪತ್ತೈದು ದಾಟಿದ ಮಾರುತಿ 800: ಏನು ಕೆಡುತ್ತದೆ, ಹೇಗೆ ಪತ್ತೆ ಹಚ್ಚುವುದು

ನಮ್ಮ ಮನೆಯಲ್ಲಿರುವುದು 1998ರ ಮಾಡೆಲ್ ಮಾರುತಿ 800. ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಗಾಡಿ, ನಾಲ್ಕು ಗೇರ್, ಎಸಿ ಇಲ್ಲ. ಅಪ್ಪ ಹೊಸದಾಗಿ ತೆಗೆದುಕೊಂಡಿದ್ದು, ಈಗ ಓಡಿಸುವುದು ನಾನು. ಊರು ತೀರ್ಥಹಳ್ಳಿ ಕಡೆ. ಮಳೆಗಾಲ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ, ಉಡುಪಿಗೆ ಹೋಗಬೇಕೆಂದರೆ ಆಗುಂಬೆ ಘಾಟಿ ಇಳಿಯಬೇಕು, ಮೇನ್ ರೋಡಿನಿಂದ ಮನೆಗೆ ಮಣ್ಣಿನ ರಸ್ತೆ. ಮಕ್ಕಳ ಸ್ಕೂಲು, ಅಮ್ಮನ ಆಸ್ಪತ್ರೆ, ಸಂತೆ, ಮದುವೆ ಮನೆ ಎಲ್ಲಕ್ಕೂ ಇದೇ ಗಾಡಿ. ಹೊಸ ಕಾರಿನ ವಿಮರ್ಶೆ ಬೇಕಾದಷ್ಟು ಸಿಗುತ್ತವೆ. ಇಷ್ಟು ಹಳೆಯ ಕಾರನ್ನು ದಿನಾ ಬಳಸಿದರೆ ಹೇಗಿರುತ್ತದೆ ಎಂದು ಬರೆಯುವವರು ಕಡಿಮೆ. ಅದಕ್ಕೇ ಇದು.

ಮೊದಲೇ ಹೇಳಿಬಿಡುತ್ತೇನೆ, ಗಾಡಿ ಕೆಡುತ್ತದೆ. ಇಷ್ಟು ವಯಸ್ಸಾದ ಮೇಲೆ ರಬ್ಬರ್ ಒಣಗುತ್ತದೆ, ವೈರ್ ಸವೆಯುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ಅದು ಕಂಪನಿಯ ತಪ್ಪಲ್ಲ, ವಯಸ್ಸಿನ ಗುಣ. ಆದರೆ ಕೆಟ್ಟಿದ್ದು ಏನು ಅನ್ನುವುದು ಈ ಗಾಡಿಯಲ್ಲಿ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಮೂಗಿಗೂ ಬಡಿಯುತ್ತದೆ. 796 ಸಿಸಿಯ ಪುಟ್ಟ ಎಂಜಿನ್, ಮೂರೇ ಸಿಲಿಂಡರ್. ಬಾನೆಟ್ ಎತ್ತಿದರೆ ಎಲ್ಲವೂ ಕೈಗೆ ಸಿಗುತ್ತದೆ. ಹಳೆ ಗಾಡಿ ಮೇಲೆ ದುಡ್ಡು ಹಾಳಾಗುವುದು ರಿಪೇರಿಯಿಂದಲ್ಲ. ಕಾರಣ ನೋಡದೆ, ಊಹೆ ಮೇಲೆ ಒಂದಾದ ಮೇಲೊಂದು ಪಾರ್ಟ್ ಬದಲಿಸುವುದರಿಂದ.

ಹೀಟ್ ಆಗುವ ವಿಷಯವನ್ನೇ ತೆಗೆದುಕೊಳ್ಳಿ. ಟೆಂಪರೇಚರ್ ಮುಳ್ಳು ಮೇಲೆ ಹೋದ ತಕ್ಷಣ "ರೇಡಿಯೇಟರ್ ಹೋಗಿದೆ ಸರ್, ಹೊಸದು ಹಾಕೋಣ" ಅನ್ನುವವರು ಜಾಸ್ತಿ. ಅದಕ್ಕೆ ಮುಂಚೆ ಒಂದು ವಿಷಯ ಗಮನಿಸಿ. ಹೀಟ್ ಆಗುವುದು ಯಾವಾಗ? ಪೇಟೆಯಲ್ಲಿ ನಿಂತಾಗ ಏರಿ, ಹೈವೇಗೆ ಬಂದ ಮೇಲೆ ಇಳಿದರೆ ರೇಡಿಯೇಟರ್ ಮೇಲೆ ಅನುಮಾನ ಬೇಡ, ಫ್ಯಾನ್ ಕಡೆ ನೋಡಿ. ಓಡುವಾಗ ಗಾಳಿ ತಾನಾಗಿ ಬೀಸುತ್ತದೆ, ನಿಂತಾಗ ಫ್ಯಾನ್ ಬೇಕು. ಉಲ್ಟಾ ಆದರೆ, ಅಂದರೆ ನಿಂತಾಗ ಸರಿಯಿದ್ದು ಏರು ಹತ್ತುವಾಗ ಅಥವಾ ಜೋರಾಗಿ ಓಡುವಾಗ ಬಿಸಿಯಾದರೆ, ನೀರು ಕಡಿಮೆ ಇರಬಹುದು, ರೇಡಿಯೇಟರ್ ಕಟ್ಟಿರಬಹುದು, ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರ್ ಕಡೆ ದಾರಿ ಬಿಡುವ ವಾಲ್ವ್) ಪೂರ್ತಿ ತೆರೆಯದೆ ಇರಬಹುದು, ವಾಟರ್ ಪಂಪ್ ಸವೆದಿರಬಹುದು.

ಫ್ಯಾನ್ ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ, ಕೀ ಮಾತ್ರ ಆನ್ ಇಟ್ಟು, ಬಿಸಿ ಏರಿದಾಗ ಫ್ಯಾನ್ ಹಾಕುವ ಥರ್ಮೋ ಸ್ವಿಚ್‌ಗೆ ಹೋಗುವ ಕನೆಕ್ಟರ್ ಬಿಚ್ಚಿ ಅದರ ಎರಡು ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಬೇಕು. ಒಂಟಿ ವೈರಿನ ಸ್ವಿಚ್ ಆದರೆ ಆ ವೈರನ್ನು ಬಾಡಿಗೆ ಮುಟ್ಟಿಸಬೇಕು. ಫ್ಯಾನ್ ತಿರುಗಿದರೆ ಮೋಟರ್ ಚೆನ್ನಾಗಿದೆ, ಕೆಟ್ಟಿದ್ದು ಸ್ವಿಚ್. ತಿರುಗದಿದ್ದರೆ ಫ್ಯೂಸ್ ನೋಡಿ. ಫ್ಯೂಸ್ ಸರಿಯಿದ್ದರೆ ಮೋಟರ್‌ಗೆ ನೇರವಾಗಿ ಬ್ಯಾಟರಿಯಿಂದ ಕರೆಂಟ್ ಕೊಟ್ಟು ನೋಡಿ. ಆಗಲೂ ಅಲುಗಾಡದಿದ್ದರೆ ಮೋಟರ್ ಹೋಗಿದೆ. ನಮ್ಮ ಗಾಡಿಯಲ್ಲಿ ಹೋಗಿದ್ದು ಸ್ವಿಚ್ ಮಾತ್ರ. ಹತ್ತು ನಿಮಿಷದಲ್ಲಿ ಗೊತ್ತಾಯಿತು, ರೇಡಿಯೇಟರ್‌ನ ದುಡ್ಡು ಉಳಿಯಿತು. ಕೈ ಹಾಕುವಾಗ ಬೆರಳು ಫ್ಯಾನಿನ ಹತ್ತಿರ ಇರಬಾರದು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನಂತೂ ಯಾವ ಕಾರಣಕ್ಕೂ ತೆಗೆಯಬಾರದು. ಒಳಗೆ ಒತ್ತಡದಲ್ಲಿರುವ ಕುದಿನೀರು ನೇರ ಮುಖಕ್ಕೆ ಹಾರುತ್ತದೆ.

ಇಲ್ಲಿ ಒಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು. "ಥರ್ಮೋಸ್ಟಾಟ್ ಯಾಕೆ ಸರ್, ನಮ್ಮ ದೇಶಕ್ಕೆ ಬೇಡ, ತೆಗೆದು ಹಾಕಿಬಿಡ್ತೀನಿ" ಎಂದು ಎಷ್ಟೋ ಗ್ಯಾರೇಜಿನಲ್ಲಿ ಹೇಳುತ್ತಾರೆ. ಒಪ್ಪಬೇಡಿ. ಅದು ಇಲ್ಲದಿದ್ದರೆ ಎಂಜಿನ್ ಬೇಕಾದ ಬಿಸಿಗೆ ಬೇಗ ಬರುವುದೇ ಇಲ್ಲ. ಮಲೆನಾಡಿನ ಚಳಿಯಲ್ಲಿ ಚೋಕ್ ಎಳೆದುಕೊಂಡೇ ಓಡಿಸಬೇಕಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿ, ಅದರ ಬೆಲೆ ದೊಡ್ಡದೇನಲ್ಲ. ಪರೀಕ್ಷೆಯೂ ಮನೆಯಲ್ಲೇ ಆಗುತ್ತದೆ. ಪಾತ್ರೆಯ ನೀರಿಗೆ ಹಾಕಿ ಒಲೆ ಮೇಲಿಟ್ಟರೆ, ನೀರು ಕುದಿಯುವ ಮುಂಚೆಯೇ ಬಾಯಿ ತೆರೆಯಬೇಕು.

ಆಯಿಲ್ ಹಾಕುವ ಮುಚ್ಚಳದ ಕೆಳಗೆ ಮಜ್ಜಿಗೆ ಬಣ್ಣದ ನೊರೆ ಕಂಡು, ಜೊತೆಗೆ ರೇಡಿಯೇಟರ್ ನೀರು ದಿನಾ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿರುವ ವಿಚಾರ. ಆಗ ಗಾಡಿ ಓಡಿಸಲೇಬಾರದು. ಬರೀ ನೊರೆ ಇದ್ದು ನೀರು ಇಳಿಯದಿದ್ದರೆ ಗಾಬರಿ ಬೇಡ. ಮಳೆಗಾಲದಲ್ಲಿ ಹತ್ತಿರ ಹತ್ತಿರ ಓಡಾಡುವ ಗಾಡಿಗಳಲ್ಲಿ ತೇವಾಂಶದಿಂದಲೂ ಸ್ವಲ್ಪ ಹಾಗೆ ಕಟ್ಟುತ್ತದೆ.

ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಬೈಯುವುದು ಬ್ಯಾಟರಿಯನ್ನು. ಎಂಥ ಶಬ್ದ ಬರುತ್ತದೆ ಎಂದು ಕೇಳಿ. "ಕಟಕಟಕಟ" ಎಂದು ಬಡಿದು ಮೀಟರ್ ಲೈಟ್ ಮಂಕಾದರೆ ಕರೆಂಟ್ ಸಾಲುತ್ತಿಲ್ಲ. ಒಂದೇ ಸಲ "ಟಕ್" ಎಂದು ಲೈಟ್ ಹಾಗೇ ಬೆಳಗುತ್ತಿದ್ದರೆ ಸ್ಟಾರ್ಟರ್ ಮೋಟರ್ ಅಥವಾ ಅದರ ಸೊಲೆನಾಯ್ಡ್ (ಅದಕ್ಕೆ ಕರೆಂಟ್ ಬಿಡುವ ಸ್ವಿಚ್) ಕಡೆ ಹೋಗಿ. ಮನೆಯಲ್ಲಿ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.4. ಓಡುವಾಗಲೂ 12ರಲ್ಲೇ ಇದ್ದರೆ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ, ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಮೊದಲು ಅದನ್ನು ತಿರುಗಿಸುವ ಬೆಲ್ಟ್ ಸಡಿಲವಿದೆಯೇ ನೋಡಿ.

ಬ್ಯಾಟರಿ ಹೊಸದು, ಟರ್ಮಿನಲ್ ಶುದ್ಧ, ಆದರೂ ಎಂಜಿನ್ ತೂಕಡಿಸಿ ತಿರುಗುತ್ತದೆ ಎಂದರೆ ಅರ್ತ್ ವೈರ್ (ಬ್ಯಾಟರಿಯ ಮೈನಸ್ಸಿನಿಂದ ಬಾಡಿಗೆ, ಎಂಜಿನ್ನಿಗೆ ಹೋಗುವ ವೈರ್) ನೋಡಿ. ಹಳೆ ಗಾಡಿಗಳಲ್ಲಿ ಇದನ್ನು ಯಾರೂ ನೋಡುವುದೇ ಇಲ್ಲ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ ಹಿಡಿಯಿರಿ. ಮನೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಆ ವೈರ್ ಒಳಗೆ ಕೊಳೆತಿದೆ, ಇಲ್ಲವೇ ಬೋಲ್ಟ್ ಕೆಳಗೆ ತುಕ್ಕು ಕೂತಿದೆ. ನಮ್ಮದರಲ್ಲಿ ಪ್ಲಾಸ್ಟಿಕ್ ಕವಚ ಚೆನ್ನಾಗಿಯೇ ಇತ್ತು. ಬಿಚ್ಚಿ ನೋಡಿದರೆ ಒಳಗಿನ ತಾಮ್ರ ಹಸಿರು ಪುಡಿಯಾಗಿತ್ತು.

ಮಳೆಗಾಲದ ದೊಡ್ಡ ತಲೆನೋವು ಮಿಸ್ಸಿಂಗ್. ಮೂರರಲ್ಲಿ ಒಂದು ಸಿಲಿಂಡರ್ ನಿಂತರೂ ಇಡೀ ಗಾಡಿ ನಡುಗುತ್ತದೆ, ತಿಳಿಯದೇ ಹೋಗುವ ಪ್ರಶ್ನೆಯೇ ಇಲ್ಲ. ಯಾವುದು ನಿಂತಿದೆ ಎಂದು ತಿಳಿಯಲು ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರನ್ನು ಒಂದೊಂದಾಗಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ, ಎಳೆದು ನೋಡಬೇಕು. ಎಳೆದಾಗ ನಡುಕ ಹೆಚ್ಚಾದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ಕಳ್ಳ ಅದೇ. ಶಾಕ್ ಹೊಡೆಯುತ್ತದೆ, ಬರಿಗೈ ಬೇಡ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಗೂ ಈ ವಿಧಾನ ಬೇಡ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಆಮೇಲೆ ಕತ್ತಲಾದ ಮೇಲೆ ಬಾನೆಟ್ ತೆರೆದು ಎಂಜಿನ್ ಓಡಿಸಿ. ಪ್ಲಗ್ ವೈರ್ ಬಿರುಕು ಬಿಟ್ಟಿದ್ದರೆ ನೀಲಿ ಕಿಡಿ ಹಾರುವುದು ಕಣ್ಣಾರೆ ಕಾಣುತ್ತದೆ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಒಳಗೆ ಬೆವರಿನಂತೆ ನೀರು ಕೂರುವುದು ನಮ್ಮ ಕಡೆ ಮಾಮೂಲು. ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಒಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ ಕಪ್ಪು ಬಿರುಕಿದೆಯೇ ನೋಡಿ. ಇದ್ದರೆ ಒರೆಸಿ ಲಾಭವಿಲ್ಲ, ಕ್ಯಾಪ್ ಬದಲಿಸಿ.

ಕಾರ್ಬುರೇಟರ್ ಎಂದರೆ ಹೊಸಬರು ಹೆದರುತ್ತಾರೆ. ಅದು ಹೆದರುವಂಥದ್ದಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ತಡವರಿಸಿ ಆಮೇಲೆ ಎಳೆದರೆ ಹೀಗೆ ಮಾಡಿ. ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ಮುಚ್ಚಳ ತೆಗೆದು, ಕೈಯಲ್ಲಿ ಥ್ರಾಟಲ್ ಎಳೆಯುತ್ತಾ ಬಾಯೊಳಗೆ ನೋಡಿ. ಸಣ್ಣಗೆ ಪೆಟ್ರೋಲ್ ಧಾರೆ ಚಿಮ್ಮಬೇಕು. ಚಿಮ್ಮದಿದ್ದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಮ್ (ರಬ್ಬರ್ ಪೊರೆ) ಹೋಗಿದೆ, ಅಥವಾ ಆ ತೂತು ಕಟ್ಟಿದೆ. ಬಿಸಿಯಿದ್ದಾಗ ಸ್ಟಾರ್ಟ್ ಆಗದೆ ಪೆಟ್ರೋಲ್ ವಾಸನೆ ಹೊಡೆದರೆ ಕಾರ್ಬುರೇಟರ್ ತುಂಬಿದ ಮೇಲೆ ಪೆಟ್ರೋಲ್ ನಿಲ್ಲಿಸುವ ಫ್ಲೋಟ್ ನೀಡಲ್ ಸರಿಯಾಗಿ ಕೂರುತ್ತಿಲ್ಲ. ಸಮತಟ್ಟಿನಲ್ಲಿ ಚೆನ್ನಾಗಿ ಓಡಿ ಘಾಟಿ ಹತ್ತುವಾಗ ಸುಸ್ತಾದರೆ ಮೊದಲು ಪೆಟ್ರೋಲ್ ಫಿಲ್ಟರ್ ಬದಲಿಸಿ. ಇನ್ನೊಂದು ಮುಖ್ಯ ವಿಷಯ ಇದೆ. ಈ ಗಾಡಿಯ ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡ ಮೆಕ್ಯಾನಿಕಲ್ ಪಂಪ್. ಅದರ ಡಯಾಫ್ರಮ್ ಹರಿದರೆ ಪೆಟ್ರೋಲ್ ಸುಮ್ನೆ ಆಯಿಲ್ ಒಳಗೆ ಇಳಿಯುತ್ತದೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಖುಷಿ ಪಡಬೇಡಿ, ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಪಂಪು, ಆಯಿಲ್ ಎರಡನ್ನೂ ಬದಲಿಸದೆ ಗಾಡಿ ತೆಗೆಯಬೇಡಿ. ಅಷ್ಟು ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಉಳಿಯುವುದಿಲ್ಲ.

ಈಗ ಬಂಕಿನಲ್ಲಿ ಸಿಗುತ್ತಿರುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. 1998ರ ರಬ್ಬರ್ ಪೈಪುಗಳು ಅದಕ್ಕೆಂದು ಮಾಡಿದವಲ್ಲ. ಪೈಪನ್ನು ಬೆರಳಲ್ಲಿ ಹಿಸುಕಿ ನೋಡಿ. ಮೆತ್ತಗೆ ಅಂಟಂಟಾಗಿದ್ದರೆ ಅಥವಾ ಬಗ್ಗಿಸಿದಾಗ ಬಿರುಕು ಕಂಡರೆ ಎಥನಾಲ್ ತಡೆಯುವ ಹೊಸ ಪೈಪ್ ಹಾಕಿಸಿ. ಬೆಂಕಿಯ ವಿಷಯ, ಇದರಲ್ಲಿ ಜುಗ್ಗತನ ಬೇಡ. ಎಥನಾಲ್ ನೀರನ್ನೂ ಹೀರುತ್ತದೆ, ಹಾಗಾಗಿ ಮಳೆಗಾಲದಲ್ಲಿ ಖಾಲಿ ಟ್ಯಾಂಕ್ ಇಟ್ಟು ವಾರಗಟ್ಟಲೆ ಗಾಡಿ ನಿಲ್ಲಿಸಬಾರದು.

ಕೆಳಗಿನ ಶಬ್ದಗಳಿಗೂ ಅರ್ಥವಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಎಳೆದಾಗ "ಟಕ್ ಟಕ್ ಟಕ್" ಬಂದರೆ ಆಕ್ಸಲ್ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚಕ್ರದ ಒಳಭಾಗಕ್ಕೆಲ್ಲ ಸಿಡಿದಿರುತ್ತದೆ. ಶಬ್ದ ಶುರುವಾಗುವ ಮುಂಚೆ ಬೂಟ್ ಬದಲಿಸಿದರೆ ಜಾಯಿಂಟ್ ಉಳಿಯುತ್ತದೆ. ವೇಗ ಏರಿದಂತೆ "ಗೂಂ" ಎನ್ನುವುದು ಜೋರಾದರೆ ವೀಲ್ ಬೇರಿಂಗ್. ಉದ್ದ ತಿರುವಿನಲ್ಲಿ ಬಲಕ್ಕೆ ತಿರುಗಿಸಿದಾಗ ಶಬ್ದ ಹೆಚ್ಚಾದರೆ ಸಾಮಾನ್ಯವಾಗಿ ಎಡಗಡೆಯದು, ಭಾರ ಆ ಕಡೆ ಬೀಳುವುದರಿಂದ. ಹೊಗೆಯೂ ಹಾಗೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಬುಸ್ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್. ಎಳೆಯುವಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್, ಅದು ದೊಡ್ಡ ಕೆಲಸ.

ಆಗುಂಬೆ ಇಳಿಯುವವರಿಗೆ ಬ್ರೇಕ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ ಅಲ್ವಾ? ಆದರೂ ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ, ಘಾಟಿಯಲ್ಲಿ ಬಿಸಿಯಾದಾಗ ಒಳಗೆ ಆವಿ ಕಟ್ಟಿ ಪೆಡಲ್ ಮೆತ್ತಗಾಗುತ್ತದೆ. ನಿಂತ ಗಾಡಿಯಲ್ಲಿ ಪೆಡಲ್ ಒತ್ತಿ ಹಿಡಿದಾಗ ಅದು ನಿಧಾನವಾಗಿ ಕೆಳಗೆ ಇಳಿದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿದೆ. ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿದ್ದರೆ ವೀಲ್ ಸಿಲಿಂಡರ್ ಸೋರುತ್ತಿದೆ. ಇಳಿಜಾರಿಗೆ ಎರಡನೇ ಗೇರ್ ಹಾಕಿ, ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯಬೇಡಿ.

ಪಾರ್ಟ್ಸ್ ಸಿಗುತ್ತವೆಯೇ ಎಂದು ತುಂಬಾ ಜನ ಕೇಳುತ್ತಾರೆ. 800ರ ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಇದೇ ಎಂಜಿನ್ ಇದ್ದ ಓಮ್ನಿ 2019ರವರೆಗೂ ಬಂತು, ಹಾಗಾಗಿ ಎಂಜಿನ್ ಸಾಮಾನಿಗೆ ಇನ್ನೂ ತೊಂದರೆಯಿಲ್ಲ. ಶಿವಮೊಗ್ಗದಲ್ಲಿ ಸಿಗದಿದ್ದರೆ ಪಾರ್ಟ್ಸ್ ಅಂಗಡಿಗಳಿರುವ ಬೆಂಗಳೂರಿನ ಜೆಸಿ ರೋಡ್ ಇದ್ದೇ ಇದೆ. ಕಷ್ಟವಾಗುವುದು ಬಾಗಿಲಿನ ರಬ್ಬರ್ ಬೀಡಿಂಗ್, ಒಳಗಿನ ಪ್ಲಾಸ್ಟಿಕ್, ಒರಿಜಿನಲ್ ಕಾರ್ಬುರೇಟರ್ ಕಿಟ್. ಅಗ್ಗದ ನಕಲಿ ಕಿಟ್ ಹಾಕಿದರೆ ಐಡಲ್ (ನಿಂತಾಗಿನ ಎಂಜಿನ್ ವೇಗ) ಒಂದೇ ಸಮ ಕೂರುವುದೇ ಇಲ್ಲ. ಹುಡುಕಿ ಒಳ್ಳೆಯದನ್ನೇ ತನ್ನಿ.

ಖರ್ಚಿನಲ್ಲಿ ಕಾಗದಪತ್ರವನ್ನೂ ಸೇರಿಸಿ. 15 ವರ್ಷದ ನಂತರ ಐದೈದು ವರ್ಷಕ್ಕೆ ಆರ್‌ಸಿ (ನೋಂದಣಿ ಪತ್ರ) ರಿನ್ಯೂ ಮಾಡಿಸಬೇಕು. 600 ರೂಪಾಯಿ ಇದ್ದ ಕಾರಿನ ಫೀಸು 2022ರ ಏಪ್ರಿಲ್‌ನಲ್ಲಿ 5000 ಆಯಿತು, 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಗ್ರೀನ್ ಟ್ಯಾಕ್ಸ್ ಬೇರೆ. ಚೆನ್ನಾಗಿ ನೋಡಿಕೊಂಡ ಗಾಡಿಗೂ ಇಷ್ಟು ಹೊರೆ ಹಾಕುವುದು ನನಗೆ ಸರಿ ಕಾಣುವುದಿಲ್ಲ, ಆದರೆ ಲೆಕ್ಕದಲ್ಲಿ ಇರಲಿ.

ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ತಗಡು ತೆಳು. ಹೈವೇಯಲ್ಲಿ ದಿನಾ ನೂರಾರು ಕಿಲೋಮೀಟರ್ ಓಡುವವರಿಗೆ ಈ ಗಾಡಿಯನ್ನು ನಾನು ಹೇಳುವುದಿಲ್ಲ. ಊರೊಳಗಿನ ಓಡಾಟಕ್ಕೆ, ಕಿರಿದಾದ ರಸ್ತೆಗೆ, ಸ್ಪ್ಯಾನರ್ ಹಿಡಿದು ಕಲಿಯುವ ಆಸೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ನಾನು ನೋಡಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಬೆಳಿಗ್ಗೆ ಬೇಗ ಹೋಗಿ, ಎಂಜಿನ್ ತಣ್ಣಗಿದೆಯೇ ಎಂದು ಕೈಯಿಟ್ಟು ನೋಡಿ, ಆಮೇಲೆ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಪೇಂಟ್ ಹೊಳಪಿಗೆ ಮರುಳಾಗಬೇಡಿ. ಮ್ಯಾಟ್ ಎತ್ತಿ ನೆಲದ ತಗಡನ್ನು ಹೆಬ್ಬೆರಳಲ್ಲಿ ಒತ್ತಿ, ಜ್ಯಾಕ್ ಕೊಡುವ ಜಾಗ ನೋಡಿ, ಬಾನೆಟ್ ಒಳಗೆ ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗದಲ್ಲಿ ವೆಲ್ಡಿಂಗ್ ಗುರುತಿದೆಯೇ ನೋಡಿ. ಎಂಜಿನ್ ಎಷ್ಟು ಕೆಟ್ಟಿದ್ದರೂ ಬೋರ್ ಮಾಡಿಸಿ (ಸವೆದ ಸಿಲಿಂಡರನ್ನು ಕೊರೆಸಿ ಸರಿಮಾಡಿಸಿ) ಎಬ್ಬಿಸಬಹುದು. ಆ ಮೂರು ಜಾಗದಲ್ಲಿ ತುಕ್ಕು ತಿಂದಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.