ಬರವೋ, ಕ್ಷಾಮವೋ?

ಮಳೆ ಕೈಕೊಟ್ಟು ಬೆಳೆ ಒಣಗಿದರೆ ಅದಕ್ಕೆ ‘ಬರ’ ಅನ್ನುವ ಪದ ಸಾಕು. 2023ರಲ್ಲಿ ಕರ್ನಾಟಕದ 223 ತಾಲ್ಲೂಕುಗಳನ್ನು ‘ಬರಪೀಡಿತ’ ಎಂದು ಘೋಷಿಸಿದರು. ಆದರೂ ಅಂಗಡಿಯಲ್ಲಿ ಅಕ್ಕಿ ಸಿಗುತ್ತಿತ್ತು, ಅಲ್ವಾ? ಅದನ್ನು ಕ್ಷಾಮ ಅನ್ನುವುದು ಸ್ವಲ್ಪ ಜಾಸ್ತಿಯೇ.

ತಿನ್ನಲು ಕಾಳಿಲ್ಲದೆ ಜನ ಸಾಯತೊಡಗಿದರೆ ‘ಕ್ಷಾಮ’. 1876-78ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಐದರಲ್ಲೊಂದು ಪಾಲು ಜನ ಇಲ್ಲವಾದರು. ಇಂಥದ್ದಕ್ಕೆ ಬರೆಯುವಾಗ ನಾನು ಕ್ಷಾಮ ಅಂತಲೇ ಬರೆಯುತ್ತೇನೆ. ತಮಾಷೆ ನೋಡಿ, ಅದನ್ನು ಅನುಭವಿಸಿದ ಜನ ಸಂವತ್ಸರಗಳ ಹೆಸರು ಹಿಡಿದು ‘ಧಾತು ಈಶ್ವರ ಬರ’ ಅಂದರು!

ಮಾತಿನಲ್ಲಿ ‘ಬರ’ವೇ ಗೆಲ್ಲುತ್ತದೆ. ‘ದುಡ್ಡಿಗೆ ಬರ’, ‘ನೀರಿಗೆ ಬರ’ ಎಲ್ಲ ನಡೆಯುತ್ತದೆ. ಹಪಹಪಿಸಿ ತಿನ್ನುವ ಹುಡುಗನಿಗೆ ಅಜ್ಜಿ ಗದರುವುದೂ ‘ಬರಗೆಟ್ಟವನ ಹಾಗೆ ತಿನ್ನಬೇಡವೋ’ ಅಂತ. ಅಲ್ಲಿ ಕ್ಷಾಮ ತಂದರೆ ನಗು ಬರುತ್ತದೆ.

‘ಅಭಾವ’ ಸುಮ್ನೆ ಕೊರತೆ: ಸಕ್ಕರೆ ಅಭಾವ, ಗೊಬ್ಬರದ ಅಭಾವ.