ಕೋಲ್ಡ್ ರೀಸೈಕ್ಲಿಂಗ್ ಮಿಕ್ಸ್ ಡಿಸೈನ್‌ಗೆ ಹೋಗಿದ್ದ ಹುಬ್ಬಳ್ಳಿಯ ಲ್ಯಾಬ್: ಕ್ಯೂರಿಂಗ್ ಬಲ್ಲ ಜನ

ಸಾಗರದ ಕಡೆ ಒಂದು ರಸ್ತೆ ಕೆಲಸ. ಹಳೇ ಡಾಂಬರನ್ನು ಮಿಲ್ಲಿಂಗ್ ಮಷೀನಿನಲ್ಲಿ ಕೆತ್ತಿ, ಬಿಸಿ ಮಾಡದೆ ಎಮಲ್ಷನ್ (ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿದ ಡಾಂಬರು), ನೀರು, ಜಲ್ಲಿಪುಡಿ, 1% ಸಿಮೆಂಟ್ ಸೇರಿಸಿ ಮತ್ತೆ ಅಲ್ಲೇ ಹಾಸುವುದು, ಇದೇ ಕೋಲ್ಡ್ ರೀಸೈಕ್ಲಿಂಗ್. ಮಿಕ್ಸ್ ಡಿಸೈನ್ (ಯಾವುದು ಎಷ್ಟು ಪಾಲು ಬೆರೆಸಬೇಕೆಂಬ ಲೆಕ್ಕ) ಮಾಡಿಸಲು ಕೆತ್ತಿದ ಡಾಂಬರಿನ ಚೀಲಗಳನ್ನು ಹುಬ್ಬಳ್ಳಿಯ ಖಾಸಗಿ ಲ್ಯಾಬೊಂದಕ್ಕೆ ಕೊಟ್ಟೆವು.

ಬಿಸಿ ಡಾಂಬರು ತಣ್ಣಗಾದರೆ ಗಟ್ಟಿ. ಇದು ಹಾಗಲ್ಲ. ಎಮಲ್ಷನ್‌ನಲ್ಲೇ ನೂರಕ್ಕೆ 35–40 ಪಾಲು ನೀರು, ಕಲಸುವಾಗ ಹಾಕಿದ ನೀರು ಬೇರೆ. ಅದು ಹೊರಗೆ ಹೋಗಬೇಕು, ಡಾಂಬರಿನ ಹನಿಗಳು ಕೂಡಿಕೊಂಡು ಕಲ್ಲಿಗೆ ಹಿಡಿಯಬೇಕು, ಸಿಮೆಂಟ್ ತನ್ನ ಪಾಲಿನ ನೀರು ಹೀರಿಕೊಳ್ಳಬೇಕು. ಅಲ್ಲಿಯವರೆಗೆ ಬಲ ಅರೆಬರೆ. ಹೀಗೆ ಒಣಗಿ ಬಲ ಬರುವುದಕ್ಕೇ ಕ್ಯೂರಿಂಗ್ ಅನ್ನುವುದು.

ರೂಢಿಯ ಪರೀಕ್ಷೆ ಈ ಕೆಲಸದವರಿಗೆಲ್ಲ ಗೊತ್ತು: ಮಿಕ್ಸ್‌ನಿಂದ ಮಾಡಿದ ಸ್ಯಾಂಪಲ್‌ಗಳನ್ನು 40 ಡಿಗ್ರಿ ಓವನ್‌ನಲ್ಲಿ 72 ಗಂಟೆ ಇಟ್ಟು 25 ಡಿಗ್ರಿಯಲ್ಲಿ ಮಷೀನಿನಲ್ಲಿ ಒತ್ತಿ ಸೀಳಿ ಬಲ ಅಳೆಯುವುದು, ಇನ್ನೊಂದು ಸೆಟ್ ನೀರಲ್ಲಿ ನೆನೆಸಿ ಸೀಳುವುದು. ಐಆರ್‌ಸಿ 37 (ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ರಸ್ತೆ ಡಿಸೈನ್ ಸೂಚಿ, 2018) ಕೇಳುವುದು ಒಣಗಿದ್ದಕ್ಕೆ ಕನಿಷ್ಠ 225 ಕಿಲೋಪ್ಯಾಸ್ಕಲ್, ನೆನೆದದ್ದಕ್ಕೆ 100. ನಮ್ಮದು ಎರಡೂ ದಾಟಿತು. ಬಹಳ ಕಡೆ ಇಲ್ಲಿಗೆ ಸೀಲು ಹೊಡೆದು ಬಿಲ್ ಕೊಡುತ್ತಾರೆ. ಈ ಲ್ಯಾಬಿನ ಮೇಡಂ ಮಾತ್ರ, "ಯಾವ ತಿಂಗಳಲ್ಲಿ ಹಾಸ್ತೀರಿ?" ಅಂತ ಕೇಳಿದರು. ಮಳೆ ಮುಗಿಯುತ್ತಿದ್ದಂತೆ ಅಂದೆ. ಆಗ ಇನ್ನೂ ತೇವ ಇರುತ್ತದೆ, ಓವನ್‌ನಲ್ಲಿ ಒಣಗಿದಷ್ಟು ಬೇಗ ರಸ್ತೆ ಒಣಗುವುದಿಲ್ಲ. "ಹಾಗಾದ್ರೆ ಆ ಓವನ್ ನಂಬರ್ ಒಂದೇ ನಂಬ್ಕೊಂಡು ಲಾರಿ ಬಿಡಬೇಡಿ ಸರ್" ಅಂದು, ಕೆಲವು ಸ್ಯಾಂಪಲ್‌ಗಳನ್ನು ಪ್ಲಾಸ್ಟಿಕ್ ಸುತ್ತಿ, ಕೆಲವನ್ನು ಕೋಣೆಯಲ್ಲೇ ತೆರೆದಿಟ್ಟು, 1, 3, 7, 28 ದಿನಕ್ಕೆ ಸೀಳಿಸಿದರು. ಸೀಳುವ ಮುಂಚೆ ಪ್ರತಿಯೊಂದನ್ನೂ ತೂಗಿ, ಉಳಿದ ನೀರು ಮತ್ತು ಬಲವನ್ನು ಒಂದೇ ಕೋಷ್ಟಕದಲ್ಲಿ ಬರೆದುಕೊಟ್ಟರು.

ಒಂದು ದಿನದ, ಸುತ್ತಿಟ್ಟ ಸ್ಯಾಂಪಲ್ ಕೈಗೆ ಕೊಟ್ಟರು. ಹೆಬ್ಬೆರಳಿನಿಂದ ಒತ್ತಿದರೆ ಅಂಚು ಉದುರಿತು. ಸೀಳಿದ ಮುಖದಲ್ಲಿ ತೇವ ಮಿನುಗುತ್ತಿತ್ತು. ತೆರೆದಿಟ್ಟು 28 ದಿನವಾದದ್ದು ಮಷೀನಿನಲ್ಲಿ ಕಡಕ್ ಅಂತ ಎರಡು ಹೋಳಾಯಿತು, ಒಳಗೆಲ್ಲ ಒಣ ಕಪ್ಪು. ಮಿಕ್ಸ್ ಒಂದೇ, ಎಮಲ್ಷನ್ ಒಂದೇ. ನೀರು ಹೋದದ್ದಕ್ಕೂ ಹೋಗದ್ದಕ್ಕೂ ಇಷ್ಟು ಅಂತರ. ಈ ಕೋಷ್ಟಕ ಹಿಡಿದೇ ನಾವು, ಪದರದೊಳಗಿನ ತೇವ ಇಳಿದಿದ್ದು ನೋಡಿಯೇ ಮೇಲಿನ ಡಾಂಬರು ಹಾಕುವುದು, ಅಲ್ಲಿಯವರೆಗೆ ಮರಳು ಲಾರಿಗಳನ್ನು ಬಿಡುವುದಿಲ್ಲ ಅಂತ ತೀರ್ಮಾನ ಮಾಡಿದ್ದು. ಅವಸರಕ್ಕೆ ಮೇಲೆ ಮುಚ್ಚಿಬಿಟ್ಟರೆ ನೀರು ಒಳಗೇ ಸಿಕ್ಕಿಕೊಂಡು ಚಕ್ರದ ಜಾಡು ಬೀಳುತ್ತದೆ.

ಬೇಗ ಗಟ್ಟಿಯಾಗಲಿ ಅಂತ ಗುತ್ತಿಗೆದಾರರು 2% ಸಿಮೆಂಟ್ ಹಾಕೋಣ ಅಂದಾಗ ಮೇಡಂ ಒಪ್ಪಲಿಲ್ಲ. ಶುರುವಿನ ಬಲ ಬರುತ್ತದೆ ನಿಜ, ಆದರೆ ಪದರ ಪೆಡಸಾಗಿ ಬಿರುಕು ಬಿಡುತ್ತದೆ ಅಂತ ಬಿಡಿಸಿ ಹೇಳಿದರು. ಗಿರಾಕಿ ಕೇಳಿದ್ದಕ್ಕೆಲ್ಲ ತಲೆಯಾಡಿಸದ ಲ್ಯಾಬ್ ಸಿಗುವುದು ಅಪರೂಪ.

ಕೊರತೆಯೂ ಇದೆ. ರಸ್ತೆಯ ಡಿಸೈನ್‌ನಲ್ಲಿ ಈ ಪದರಕ್ಕೆ 800 ಮೆಗಾಪ್ಯಾಸ್ಕಲ್ ಮಾಡ್ಯುಲಸ್ (ಬಿಗಿತದ ಅಳತೆ) ಹಿಡಿಯುತ್ತೇವೆ. ಅದನ್ನು ಅಳೆಯುವ ಮಷೀನ್ ಇವರಲ್ಲಿಲ್ಲ, ಬೇರೆ ಕಡೆ ಕಳಿಸಬೇಕಾಯಿತು. ರಿಪೋರ್ಟ್ ಹೇಳಿದ ದಿನಕ್ಕೆ ಬರಲಿಲ್ಲ, ಫೋನ್ ಎತ್ತುವುದೂ ಅಷ್ಟಕ್ಕಷ್ಟೆ. ಹೆಚ್ಚುವರಿ ಸೆಟ್‌ಗಳಿಗೆ ದುಡ್ಡು ಬೇರೆ, ಆದರೆ ಆ ದುಡ್ಡು ಕೊಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಐದಕ್ಕೆ ನಾಲ್ಕು ಸ್ಟಾರ್.

ಹೋಗುವವರು ಕೆತ್ತಿದ ಡಾಂಬರು ಸ್ವಲ್ಪ ಜಾಸ್ತಿಯೇ ಒಯ್ಯಿರಿ, ಕ್ಯೂರಿಂಗ್ ಸೆಟ್‌ಗಳಿಗೆ ಬಹಳ ಹಿಡಿಯುತ್ತದೆ. ಎಮಲ್ಷನ್ ಕೂಡ ಸೈಟಿಗೆ ಬರುವ ಕಂಪನಿಯದ್ದೇ ಇರಲಿ.